ಲೋಟ ತೊಳೆದ ನರ್ಸ್

ಇವತ್ತು ಬೆಳಿಗ್ಗೆ ಡಿಕಾಕ್ಷನ್ ಘಮಕ್ಕೆ ಯಾಕೋ ಹೊಟ್ಟೆ ತೊಳಸಿತು. "ರಾತ್ರಿ ಸರಿಯಾಗಿ ನಿದ್ದೆ ಬಂತಾ?" ಎಂದು ಹೆಂಡತಿ ಕೇಳಿದಳು. "ಪರವಾಗಿಲ್ಲ" ಎಂದೆ. ಹಾಗೆಂದದ್ದೇ ತಡ, ಮೆಲ್ಬರ್ನಿನ ಸುಶೀಲಾ ಆಂಟಿ ನೆನಪಾದರು.

ತೊಂಬತ್ತರ ದಶಕದ ಮಾತು. ಅಲ್ಲಿನ ಕ್ಲೇಟನ್ ಬಡಾವಣೆಯಲ್ಲಿ ಓದುತ್ತಿದ್ದ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ರೆಂಟ್ ಕೊಡುತ್ತಿದ್ದದ್ದು ಕೋಣೆಗೆ, ತಿನ್ನುತ್ತಿದ್ದದ್ದು ಅಡುಗೆಮನೆಯಲ್ಲಿ. ಮೈಸೂರಿನ ಆಂಟಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರ ಕ್ಯಾನ್ಸರ್ ಕೈಮೀರಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಸಿಡ್ನಿಯ ಪ್ಯಾರಮಟ್ಟಾದಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಒಂದು ಸಲ ನೀರು ಹಾಕಬೇಕು. ಆಂಟಿಗೆ ಉಳಿದಿದ್ದ ಆಸೆ ಅದೊಂದೇ.

ಪ್ರತಿ ಮಂಗಳವಾರ ಮನೆಗೇ ಒಬ್ಬ ನರ್ಸ್ ಬರುತ್ತಿದ್ದಳು. ಅಂಕಲ್ ಕೆಲಸಕ್ಕೆ ಹೋಗಿರುತ್ತಿದ್ದುದರಿಂದ ದುಭಾಷಿ ನಾನೇ. ಆಗ ನನ್ನ ಇಂಗ್ಲಿಷಿನ ಮೇಲೆ ನನಗೆ ಬಹಳ ಅಭಿಮಾನವಿತ್ತು ಎಂಬುದನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕು. ಅವಳು ಫಾರಂ ಹಿಡಿದು ನೋವು, ನಿದ್ದೆ, ಹಸಿವು, ವಾಕರಿಕೆ ಎಂದು ಒಂದೊಂದಾಗಿ ಕೇಳುವಳು.

ಆಂಟಿ ಮೊದಲು ಕಾಫಿ ಕೊಡುವರು. ಆಮೇಲೆ ನನ್ನ ಕಡೆ ತಿರುಗಿ, "ಸ್ವಲ್ಪ ಸಂಕಟ ಕಣೋ. ಪಾಪ, ಮನೆಗ್ ಬಂದೋಳ ಮುಂದೆ ಅದೆಲ್ಲಾ ಯಾಕೆ? ಪರವಾಗಿಲ್ಲ ಅನ್ನು" ಎನ್ನುವರು. ನಾನೂ ಮನೆಯ ಮರ್ಯಾದೆ ಕಾಯುವವನಂತೆ "ಶಿ ಈಸ್ ಫೈನ್" ಎಂದು ಬಿಡುತ್ತಿದ್ದೆ. ಮೂರು ಮಂಗಳವಾರ ಹೀಗೇ ಕಳೆದವು.

ನಾಲ್ಕನೆಯ ವಾರ ಕಾಫಿಯ ವಾಸನೆ ತಡೆಯಲಾರದೆ ಆಂಟಿ ಬಾತ್‌ರೂಮಿಗೆ ಧಾವಿಸಿದರು. ನಾನು ಪೆಚ್ಚಾಗಿ ನಿಂತೆ. ನರ್ಸ್ ಫಾರಂ ಬದಿಗಿಟ್ಟು, ಕಾಫಿ ಚೆಲ್ಲಿ, ಕಿಟಕಿ ತೆರೆದು, ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. ಆಂಟಿ ಬಾಗಿಲಲ್ಲಿ ನಿಂತು ನೋಡಿದರು.

"ಲೋಟ ತೊಳೆದ್ ಮೇಲೆ ಮನೆಯೋಳೇ ಆದ್ಲು, ಇನ್ನೆಂಥ ನೆಂಟಸ್ತಿಕೆ?" ಎಂದು ಕುರ್ಚಿಯಲ್ಲಿ ಕೂತರು. "ಬೆಳಿಗ್ಗೆಯಿಂದ ಹೇಳ್ತೀನಿ, ಒಂದೂ ಬಿಡದೆ ಹೇಳು ಅವ್ಳಿಗೆ."

ಹೇಳಿದರು. ನೋವಿನ ಮಾತ್ರೆ ನುಂಗಿದರೆ ನಾಲ್ಕು ದಿನ ಮಲಬದ್ಧತೆ. ಅದಕ್ಕೆ ಹೆದರಿ ಮಾತ್ರೆ ಬಿಟ್ಟರೆ ನೋವು, ನೋವಿಗೆ ನಿದ್ದೆಯಿಲ್ಲ. ನಿದ್ದೆಗೆಟ್ಟ ಹೊಟ್ಟೆಗೆ ಅನ್ನ ಕಂಡರೆ ವಾಕರಿಕೆ, ತಿನ್ನದಿದ್ದರೆ ಕೂರಲೂ ತ್ರಾಣವಿಲ್ಲ. "ಒಂದೊಂದೇ ಕೇಳ್ತಾಳಲ್ಲ, ಅವು ಒಂದೊಂದೇ ಬರಲ್ಲ ಕಣೋ. ಎಲ್ಲಾ ಒಟ್ಟಿಗೇ ಬರ್ತವೆ."

ಈ ಸಲ ನಾನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ನರ್ಸ್ ಆ ಮಾತನ್ನು ಹಾಗೇ ಬರೆದುಕೊಂಡಳು. ಮಲ ಸಡಿಲಿಸುವ ಔಷಧ ಬಂತು, ವಾಕರಿಕೆಗೆ ಬೇರೊಂದು. ಮಾತ್ರೆ ಬಿಡುವುದು ನಿಂತಿತು. ಕಾಯಿಲೆ ಎಲ್ಲಿಗೂ ಹೋಗಲಿಲ್ಲ, ಆದರೆ ಹತ್ತು ದಿನದಲ್ಲಿ ಆಂಟಿ ಎದ್ದು ಕೂತು ಒಂದು ಬಟ್ಟಲು ಸಾರನ್ನ ತಿಂದರು.

ಅಂಕಲ್ ಅವರನ್ನು ಪ್ಯಾರಮಟ್ಟಾಕ್ಕೆ ಕರೆದೊಯ್ದರು. ನೀರು ಹೊಯ್ದವಳು ಮಗಳು, ಮಗು ಇದ್ದದ್ದು ಆಂಟಿಯ ಕಾಲ ಮೇಲೆ. ಐದು ದಿನ ಹಾಗೆ ನೀರು ಹಾಕಿದರಂತೆ, ಆರನೆಯ ದಿನ ಆಗಲಿಲ್ಲವಂತೆ. ಮರುತಿಂಗಳು ಅವರು ತೀರಿಕೊಂಡರು. ನಾನು ನುಂಗಿಹಾಕಿದ ಆ ಮೂರು ಮಂಗಳವಾರಗಳಲ್ಲಿ ಇನ್ನೆಷ್ಟು ಸ್ನಾನಗಳಿದ್ದವೋ ಎಂದು ಈಗಲೂ ಸಂಕಟಪಡುತ್ತೇನೆ.

ಹೆಂಡತಿ ನಾನು ಮುಟ್ಟದ ಕಾಫಿ ಚೆಲ್ಲಿ, ಲೋಟ ತೊಳೆದು ಬೋರಲು ಹಾಕುತ್ತಿದ್ದಳು.

"ಇಲ್ಲಿ ಬಾ, ಕೂತ್ಕೋ" ಎಂದೆ. "ನಿದ್ದೆ ಬರಲಿಲ್ಲ. ನಿನ್ನೆಯಿಂದ ಹೇಳ್ತೀನಿ."