ಗುರುಗುಟ್ಟದ ಡಬ್ಬಿ

ಅವರ ಮುತ್ತಜ್ಜ ಊರಿಗೆ ಬಂದ ಮೊದಲ ಹೊಲಿಗೆ ಯಂತ್ರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಮಿಕ್ಕುಳಿದ ಮೂರು ಬಿಡಿಭಾಗಗಳನ್ನು ಜೇಬಿಗಿಳಿಸಿ ಗಂಭೀರವಾಗಿ ಮನೆಗೆ ಬಂದವರು. ಯಂತ್ರ ಆಮೇಲೂ ಹೊಲಿಯಿತು, ಹಿಂದಕ್ಕೆ. ಅಜ್ಜ ಶಾಲೆಯ ಗಡಿಯಾರ ಬಿಚ್ಚಿದರು. ಮಕ್ಕಳಿಗೆ ಒಂದು ವಾರ ಬೇಗ ಬೇಗ ಬಿಡುವು ಸಿಕ್ಕಿತು. ಅಪ್ಪ ನೀರೆತ್ತುವ ಪಂಪು ಬಿಚ್ಚಿ ಎರಡು ಬೀದಿಗಳನ್ನು ಮೂರು ದಿನ ಒಣಗಿಸಿ, ನಾಲ್ಕನೆಯ ದಿನ ಮೀಸೆ ತಿರುವಿದರು. ಇಂಥ ಘನವಂಶದ ಕುಡಿಗೆ ಜನ ಬಿಚ್ಚಪ್ಪ ಎಂದು ಹೆಸರಿಟ್ಟದ್ದು ಸರಿಯೇ ಎಂದು ಅವರೇ ಒಪ್ಪುತ್ತಿದ್ದರು.

ಬಿಚ್ಚಪ್ಪನವರದು ಕಿವಿಯಂತ್ರಗಳ ರಿಪೇರಿ. ಕಿವಿ ಮಂದವಾದವರ ಯಂತ್ರಗಳಿಂದ ಗೊರಗೊರ, ಕರಕರ, ಕೀಚಲು ಎಲ್ಲವನ್ನೂ ಮೂವತ್ತೆಂಟು ವರ್ಷ ಹೆಕ್ಕಿ ತೆಗೆದವರು. ಐವತ್ತೆಂಟಕ್ಕೆ ಗಿಟಾರ್ ಹಿಡಿದು, ಬೆರಳಿಗೆ ಬುದ್ಧಿ ಬರುವ ಮೊದಲೇ ಭಾವಮೈದುನನ ವಾದ್ಯತಂಡಕ್ಕೆ ನುಗ್ಗಿದರು. ನಾಲ್ಕು ವರ್ಷವಾದರೂ ಒಂದು ಹಾಡಿನಲ್ಲೂ ಒಂಟಿಯಾಗಿ ಬಾರಿಸುವ ಅವಕಾಶ ಸಿಕ್ಕಿರಲಿಲ್ಲ. ಯಾಕೆಂದು ಅವರಿಗೂ ಗೊತ್ತಿತ್ತು.

ಭಾವಮೈದುನನ ಕಾಲಬಳಿ ಅಂಗಡಿಯಿಂದ ತಂದ ಓವರ್‌ಡ್ರೈವ್ ಪೆಡಲ್ ಇರುತ್ತಿತ್ತು. ಅದನ್ನು ಮೆಟ್ಟಿದರೆ ಗಿಟಾರಿನ ಸಾಧುಸ್ವರ ಹುಲಿಯಂತೆ ಗುರುಗುಟ್ಟುತ್ತಿತ್ತು.

"ಇದೇನು ಮಹಾ? ಇಂಥದ್ದೇ ಒಂದು ಮನೇಲಿ ಮಾಡ್ತೀನಿ" ಎಂದು ಬಿಚ್ಚಪ್ಪ ಎಲ್ಲರೆದುರು ನಾಲಿಗೆ ಹರಿಬಿಟ್ಟರು.

"ಮಾಡಿ ಭಾವ. ಭಾನುವಾರದ ಕಾರ್ಯಕ್ರಮದಲ್ಲಿ ನಿಮ್ಮ ಡಬ್ಬಿ ಗುರ್ ಅಂದ್ರೆ ನಡುವಿನ ಸೋಲೋ ನಿಮ್ಮದು. ಅನ್ನದಿದ್ರೆ ನಂದು."

ಊಟದ ಮೇಜು ಕಾರ್ಖಾನೆಯಾಯಿತು. ಬಿಸ್ಕತ್ತಿನ ತಗಡಿನ ಡಬ್ಬಿಗೆ ತೂತು ಬಿತ್ತು, ಮೇಜಿಗೂ ಬಿತ್ತು.

"ಇವತ್ತಾದ್ರೂ ಕೂತು ಉಣ್ಣಬಹುದಾ?" ಎಂದು ಹೆಂಡತಿ ಕೇಳಿದರು.

"ನಿಂತು ಉಂಡ್ರೆ ಬೇಗ ಜೀರ್ಣ ಆಗುತ್ತೆ ಕಣೇ."

"ನಿಮ್ಮನ್ನೇ ಜೀರ್ಣಿಸ್ಕೊಂಡಿದ್ದೀನಿ, ಊಟ ಯಾವ ಲೆಕ್ಕ."

ಪೆಡಲಿನ ಒಳಜೋಡಣೆಯ ನಕ್ಷೆಯಲ್ಲಿ ಎರಡು ಪುಟ್ಟ ಡಯೋಡುಗಳಿದ್ದವು. ಸ್ವರದ ಅಲೆಯ ನೆತ್ತಿಯನ್ನು ಒಂದು, ಬುಡವನ್ನು ಇನ್ನೊಂದು ಕತ್ತರಿಸಬೇಕು. ಬೆಸುಗೆ ಹಾಕುವ ಕೈ ಅಲ್ಲೇ ನಿಂತಿತು. ಸ್ವರ ಕತ್ತರಿಸುವುದೇ? ನಕ್ಷೆ ಬರೆದವನಿಗೆ ಕಸುಬು ಗೊತ್ತಿಲ್ಲ ಎಂದು ಗೊಣಗಿ, ಎರಡನ್ನೂ ಕೈಬಿಟ್ಟು ಮುಂದುವರಿದರು.

ಗುರುವಾರದ ಅಭ್ಯಾಸದಲ್ಲಿ ಡಬ್ಬಿ ಮೆಟ್ಟಿಕೊಂಡೇ ಒಂದು ಸಾಲು ಬಾರಿಸಿದರು. ಸ್ವರ ತೊಳೆದ ಗಾಜಿನಂತೆ ಹೊಮ್ಮಿತು. ಮೊದಲಿಗಿಂತ ದೊಡ್ಡದು, ಮೊದಲಿಗಿಂತ ಸ್ಪಷ್ಟ. ತಪ್ಪಿದ ಒಂದೊಂದು ಬೆರಳೂ ಬಿಡಿಬಿಡಿಯಾಗಿ ಕೇಳಿಸಿತು.

ಡ್ರಮ್ ಬಾರಿಸುವ ಬೇಕರಿಯವನು ಕೋಲು ಕೆಳಗಿಟ್ಟ. "ಅಣ್ಣಾ, ಇಷ್ಟು ದಿನ ಬರೀ ಅನುಮಾನ ಇತ್ತು. ಇವತ್ತು ಖಾತ್ರಿ ಆಯ್ತು."

ಕೆಟ್ಟು ಕೂಗಲೆಂದೇ ಹುಟ್ಟಬೇಕಾದ ಯಂತ್ರವನ್ನು ಹುಟ್ಟುವ ಮೊದಲೇ ರಿಪೇರಿ ಮಾಡಿದ ಮಹಾಪಂಡಿತ ತಾನೊಬ್ಬನೇ ಇರಬೇಕು ಎಂದು ಬಿಚ್ಚಪ್ಪ ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು. ಮನೆಗೆ ಬಂದವರೇ, ಸ್ವರ ಕತ್ತರಿಸಿ ಗುರುಗುಟ್ಟಿಸುವ ಆ ಡಯೋಡುಗಳನ್ನು ಸೇರಿಸಿದರು. ಹೆಬ್ಬೆರಳಿಂದ ಗುಂಡಿ ಒತ್ತಿಹಿಡಿದು, ಇನ್ನೊಂದು ಕೈಯಿಂದ ತಂತಿ ಮೀಟಿದರು. ಡಬ್ಬಿ ಗುರ್ ಎಂದಿತು.

"ಏನು ಸುಟ್ಟುಹೋಯ್ತು?" ಎಂದು ಹೆಂಡತಿ ಒಳಗಿನಿಂದ ಕೂಗಿದರು. ಗಿಟಾರ್ ಹಿಡಿದ ಮೇಲೆ ಬಿಚ್ಚಪ್ಪನವರಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಭಾನುವಾರ ಸಂಜೆ, ಗ್ರಂಥಾಲಯದ ಸಭಾಂಗಣ. ಪರದೆಯ ಹಿಂದೆ ಬಿಚ್ಚಪ್ಪ ಡಬ್ಬಿ ಮೆಟ್ಟಿ ತಂತಿ ಮೀಟಿದರು. ಗುರ್. ಕಾಲು ತೆಗೆದರು. ಗುರ್ ಮಾಯ. ಮತ್ತೆ ಮೆಟ್ಟಿದರು, ಗುರ್, ತೆಗೆದರು, ಸಾಧುಸ್ವರ. ಆಗ ಹೊಳೆಯಿತು: ಸ್ವಿಚ್ಚೆಂದರೆ ಸ್ವಿಚ್ಚು ಎಂದು ಡ್ರಾಯರಿನಲ್ಲಿದ್ದ, ಒತ್ತಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಬಾಗಿಲಗಂಟೆಯ ಗುಂಡಿಯನ್ನೇ ಕೂರಿಸಿದ್ದರು. ಸೋಲೋ ಮುಗಿಯುವವರೆಗೂ ಒಂದೇ ಕಾಲಿನ ಮೇಲೆ ಭಾರ ಹಾಕಿ, ಕೊಕ್ಕರೆಯ ಹಾಗೆ ನಿಲ್ಲಬೇಕು. ಒಮ್ಮೆ ನಿಂತು ನೋಡಿದರು, ಪರದೆ ಹಿಡಿದುಕೊಂಡರು.

ಭಾವಮೈದುನ ತನ್ನ ಪೆಡಲನ್ನು ಕಾಲಿಂದ ಅವರತ್ತ ಸರಿಸಿದ. "ಗುರ್ ಅಂದಿದೆ ಭಾವ, ಸೋಲೋ ನಿಮ್ಮದೇ. ಇದನ್ನ ತಗೊಳ್ಳಿ. ನಡುವಲ್ಲಿ ಬಿದ್ದುಗಿದ್ದು ಬಿಟ್ಟೀರಿ."

ಬಿಚ್ಚಪ್ಪ ಅದನ್ನು ಹಿಂದಕ್ಕೆ ತಳ್ಳಿದರು.

"ಬೇಡಪ್ಪ. ನಿನ್ನದರಲ್ಲಿ ಬಾರಿಸಿದ್ರೆ ಗುರ್ ಅನ್ನೋದು ಅಂಗಡಿಯವನದು, ತಪ್ಪು ಮಾತ್ರ ನಂದು. ಇದರಲ್ಲಿ ಎರಡೂ ನಂದೇ. ನೀನು ಸ್ವಲ್ಪ ಆ ಕಡೆ ನಿಂತ್ಕೋ, ಬೀಳೋದಾದ್ರೆ ಜಾಗ ಬೇಕು."