ಆರೂವರೆ ಪೆಟ್ಟು

ಬಡಗಿಗೆ ಡ್ರಮ್ಮಿನ ಹುಚ್ಚು ಹತ್ತಿದ್ದು ಹರೆಯದಲ್ಲಿ. ಹಗಲೆಲ್ಲ ಬಾಗಿಲ ಚೌಕಟ್ಟು ಕೂಡಿಸುವವನು ಸಂಜೆಯಾದರೆ ಹೆಂಡತಿಯ ತಮ್ಮನ ರಾಕ್ ತಂಡದಲ್ಲಿ ಹಾಜರು. ಅವರದು ಗುನುಗಿಕೊಂಡು ಹೋಗುವ ಹಾಡುಗಳಲ್ಲ. ಒಂದೊಂದೂ ಅರ್ಧ ಗಂಟೆ, ತಾಳ ಏಳೆಣಿಕೆಯದು, ಕೇಳುವವರಿಗೆ ತಲೆಬುಡ ತಿಳಿಯದಿದ್ದರೆ ಇನ್ನೂ ಖುಷಿ. ಆ ಏಳನ್ನು ಬಡಗಿ ಮೊಳೆ ಹೊಡೆದಂತೆ ಹೊಡೆಯುತ್ತಿದ್ದ. ಅದೊಂದೇ ಅವನ ಹೆಮ್ಮೆ.

ಆದರೆ ಎಡಗೈ ಬೆರಳು ಆಗಾಗ ಜೋಮು ಹಿಡಿಯತೊಡಗಿತು. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಡ್ರಮ್ಮಿನ ಮುಂದಿನ ಸ್ಟೂಲು ಹೋಯಿತಲ್ಲ! ಕೊನೆಗೆ ತುಂಬಿದ ಸಭಾಂಗಣದಲ್ಲಿ, ಲೈವ್ ಆಲ್ಬಮ್ಮಿಗೆಂದು ರೆಕಾರ್ಡಿಂಗ್ ನಡೆಯುತ್ತಿದ್ದಾಗಲೇ, ಹಾಳಾದ ಕೈ ಕೈಕೊಟ್ಟಿತು. ಏಳನೆಯ ಪೆಟ್ಟಿಗೆ ಅರ್ಧ ಎಣಿಕೆ ಮುಂಚೆಯೇ ಕೋಲು ಜಾರಿ ಡ್ರಮ್ಮಿನ ಮೇಲೆ ಬಿತ್ತು. ಉಳಿದವರು ಗಾಬರಿಯಲ್ಲಿ ತಡವರಿಸಿ ಅಲ್ಲಿಂದಲೇ ಹಾರಿ ಸೇರಿಕೊಂಡರು. ಛಾವಣಿ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು.

ಆಲ್ಬಮ್ ಬಂತು. ಆ ಪೆಟ್ಟಿಗೆ 'ಆರೂವರೆ' ಅಂತ ಹೆಸರೇ ಬಿತ್ತು. "ಎಂಥ ತಲೆ ಸಾರ್ ನಿಮ್ದು!" ಎಂದು ಅಭಿಮಾನಿಗಳು ಕೈ ಕುಲುಕಿದರು. "ಮೊದಲೇ ಲೆಕ್ಕ ಹಾಕಿದ್ದೆ," ಎಂದುಬಿಟ್ಟ ಪುಣ್ಯಾತ್ಮ. ಅಲ್ಲೇ ಸಿಕ್ಕಿಬಿದ್ದ.

ಊರೂರು ಸುತ್ತುವ ಪ್ರವಾಸ ಗೊತ್ತಾಯಿತು. ಜನ ಕೇಳುವುದೆಲ್ಲ ಆರೂವರೆಯನ್ನೇ. ತಾಲೀಮಿನ ಕೋಣೆಯಲ್ಲಿ ಎಷ್ಟು ಸಲ ಹೊಡೆದರೂ, ದರಿದ್ರದ್ದು, ಏಳೇ ಬರುತ್ತಿತ್ತು. ಜೋಮಿಲ್ಲದೆ ಕೈ ಚೆನ್ನಾಗಿತ್ತಲ್ಲ.

"ಭಾವ, ರೆಕಾರ್ಡಲ್ಲಿ ಸರಿಯಾಗಿ ತಪ್ಪು ಮಾಡಿದ್ರಿ. ಈಗ ತಪ್ಪಾಗಿ ಸರಿ ಮಾಡ್ತಿದ್ದೀರಿ," ಎಂದ ಭಾವಮೈದ. ಎಲ್ಲರೂ ನಕ್ಕರು. ಬಡಗಿಯೂ ನಕ್ಕ.

ಮರುದಿನ ಭಾವಮೈದ ಡ್ರಮ್ ಬಾರಿಸುವ ಹೆಣ್ಣೊಬ್ಬಳನ್ನು ಕರೆಸಿದ. ಅವಳು ಎಡ ಮಣಿಕಟ್ಟಿಗೆ ಬಟ್ಟೆಪಟ್ಟಿ ಬಿಗಿದು, ಬೆರಳು ಚಿವುಟಿ ನೋಡಿ, ಹೊಡೆದಳು. ಅದೇ ಆರೂವರೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಹೇಗಮ್ಮ ಮಾಡ್ದೆ?" ಎಂದ ಭಾವಮೈದ.

"ಬೆರಳಿಗೆ ಸ್ಪರ್ಶ ಇದ್ರೆ ಅದು ಬರಲ್ಲ. ಕಟ್ಟಿ ಮರಗಟ್ಟಿಸಬೇಕು. ಸಾರ್ ಕೂಡ ಅವತ್ತು ಹೀಗೇ ಕಟ್ಕೊಂಡಿದ್ರಲ್ವಾ?" ಪಾಪ, ಅವಳು ಮೆಚ್ಚುಗೆಯಿಂದಲೇ ಕೇಳಿದಳು.

ಭಾವಮೈದ ಬಡಗಿಯ ಕಡೆ ತಿರುಗಿದ. "ಅವತ್ತು ನೀವು ಏನೂ ಕಟ್ಟಿರಲಿಲ್ಲ. ಅಲ್ವಾ ಭಾವ?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? "ಜೋಮು ಕಣೋ," ಎಂದ ಬಡಗಿ. "ಆಗಾಗ ಬರುತ್ತೆ. ಹಾಗಂತ ನನ್ನ ಬಿಟ್ಟು ಹೋಗಬೇಡ್ರೋ. ನಂಗೆ ಇದೊಂದೇ ಇರೋದು. ಆರೂವರೆ ನಂದೇ ತಾನೆ? ನಂಗೆ ಪಟ್ಟೀನೂ ಬೇಡ!"

"ಇವಳು ಆಮೇಲೆ ಪಟ್ಟಿ ಬಿಚ್ಕೊಳ್ತಾಳೆ, ಭಾವ. ನಿಮ್ಮ ಜೋಮು ಬಿಚ್ಚೋಕಾಗುತ್ತಾ?"

ಸ್ಟೂಲು ಅವಳಿಗೆ ಎತ್ತರವಾಯಿತು. ತುಕ್ಕು ಹಿಡಿದ ತಿರುಪು ಯಾರಿಗೂ ಜಗ್ಗಲಿಲ್ಲ. "ಭಾವ, ಸ್ವಲ್ಪ ಇಳಿಸಿಕೊಡಿ," ಎಂದ ಭಾವಮೈದ. ಬಡಗಿ ಮಂಡಿಯೂರಿ, ಬಲಗೈಯಲ್ಲಿ ತಿರುಪು ಸಡಿಲಿಸಿ, "ಈಗ ಸರಿಯಾಯ್ತಾ ತಾಯಿ?" ಎಂದು ಕೇಳಿದ.