ಗೋಡೆಗೆ ಬೇಕಾದ ಮುಖ

ಫೋಟೋ ಪತ್ರಿಕೋದ್ಯಮದ ಕೊನೆಯ ವರ್ಷದಲ್ಲಿ ನಮಗೆ ಕೊಟ್ಟ ವಿಷಯ ‘ಸಮುದಾಯ ಮತ್ತು ದಿನನಿತ್ಯದ ಬದುಕು’. ವರ್ಷವಿಡೀ ಊರೂರು ತಿರುಗಿ ಚಿತ್ರ ತೆಗೆಯಬೇಕು, ಕೊನೆಗೆ ಹೊಸಪೇಟೆಯಲ್ಲಿ ಪ್ರದರ್ಶನ, ಅದನ್ನು ನೋಡಿ ಪರೀಕ್ಷಕರು ಅಂಕ ಹಾಕುತ್ತಾರೆ. ದಿನನಿತ್ಯದ ಬದುಕನ್ನು ಬಸ್ಸು ಹತ್ತಿ ಹುಡುಕಿಕೊಂಡು ಹೋಗುವ ದುರ್ಗತಿ ನಮಗೆ ಮಾತ್ರ ಇತ್ತು. ಉಳಿದವರೆಲ್ಲ ಅದರೊಳಗೇ ಇದ್ದರು.

ಹಂಪಿಯಲ್ಲಂತೂ ಆ ಬದುಕು ಬೆಳಗಾಗುವ ಮೊದಲೇ ಸಿಂಗರಿಸಿಕೊಂಡು ನಿಂತಿರುತ್ತಿತ್ತು. ಕುರಿ ಕಾಯುವವನೊಬ್ಬ ನಮ್ಮ ಕ್ಯಾಮೆರಾ ಕಂಡವನೇ ಬಂಡೆ ಹತ್ತಿ, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ದೂರಕ್ಕೆ ದೃಷ್ಟಿ ನೆಟ್ಟ. ‘ಅಲ್ಲಿ ನಿಂತ್ರ ಮಕ ಕಪ್ಪಾಗಿ ಬರ್ತೈತಿ, ಈ ಕಡಿ ಬರ್ರಿ’ ಎಂದು ನಮಗೇ ಜಾಗ ತೋರಿಸಿದ. ಅವನ ಹಿಂದೆ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಗಳು ಕಲ್ಲುಕಂಬಗಳಿಗಾಗಿ ಸರದಿ ನಿಂತಿದ್ದವು. ಕಂಪ್ಲಿಯ ಗದ್ದೆಯಲ್ಲಿ ಭತ್ತದ ನಾಟಿ ಮಾಡುತ್ತಿದ್ದ ಹೆಂಗಸರಿಗೆ ನಾವು ‘ನಗಬೇಡಿ, ಸಹಜವಾಗಿರಿ’ ಅಂದೆವು. ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿ, ‘ನಿನ್ನಿ ಬಂದೋರು ಹಲ್ಲು ಕಿಸೀರಿ ಅಂದ್ರು, ನೀವು ಕಿಸೀಬ್ಯಾಡ್ರಿ ಅಂತೀರಿ. ಮೊದ್ಲು ನೀವ್ ನೀವ ಮಾತಾಡ್ಕೊಂಡು ಬರ್ರಿ, ಹೋಗ್ರಿ’ ಅಂದಳು. ಅದೇ ಆ ವರ್ಷ ನಾನು ಕೇಳಿದ ಅತ್ಯುತ್ತಮ ವಿಮರ್ಶೆ. ತರಗತಿಯಲ್ಲಿ ಅದರ ಸಮೀಪಕ್ಕೆ ಬರುವಂಥದ್ದನ್ನು ಯಾರೂ ಹೇಳಲಿಲ್ಲ.

ನಮ್ಮ ಮೇಷ್ಟ್ರಿಗೆ ಗಣಿಗಳ ಊರು ಸಂಡೂರು ಎಂದರೆ ಧೂಳು. ಅವರು ಆ ಕಡೆಯವರಲ್ಲ. ಅದಿರನ್ನು ಅವರು ಒಂದು ಬಣ್ಣವಾಗಿ ಮಾತ್ರ ಬಲ್ಲವರು. ‘ಧೂಳು ಮಾತಾಡಬೇಕು ಕಣ್ರಿ’ ಅನ್ನುತ್ತಿದ್ದರು. ಆ ಧೂಳನ್ನು ಮಾತಾಡಿಸಲು ನಾನು ಸಂಡೂರಿನ ಹತ್ತಿರದ ಯಶವಂತನಗರಕ್ಕೆ ಹೋಗಿ, ಬಸ್‌ ನಿಲ್ಲುವ ಕಡೆ ಚಹಾ, ಮಿರ್ಚಿ ಮಾರುವ ಅಜ್ಜಿಯೊಬ್ಬಳ ಅಂಗಡಿಯಲ್ಲಿ ಕೂತೆ. ಅದಿರಿನ ಲಾರಿ ಹೋದಾಗಲೆಲ್ಲ ಅಜ್ಜಿ ಸೆರಗಿನಿಂದ ಮಿರ್ಚಿ ಮುಚ್ಚುತ್ತಿದ್ದಳು, ಮುಖ ಮುಚ್ಚುತ್ತಿರಲಿಲ್ಲ. ಹುಬ್ಬು, ಕೆನ್ನೆಯ ಸುಕ್ಕು, ಬಾಯಿಯ ಅಂಚು ಎಲ್ಲವೂ ಕೆಂಪು. ನಾನು ಒಂದು ಫೋಟೋ ತೆಗೆದೆ. ಆಗ ಸುಡು ಬಿಸಿಲಿತ್ತು ಎಂದು ನನ್ನ ನೆನಪು. ಆದರೆ ಆ ಫೋಟೋದಲ್ಲಿ ಎಲ್ಲಿಯೂ ನೆರಳೇ ಇರಲಿಲ್ಲ. ಎರಡರಲ್ಲಿ ಒಂದು ಸುಳ್ಳು, ಅದು ನೆನಪೇ ಇರಬೇಕು.

‘ಯಾಕ ಲೇ ತಮ್ಮಾ, ಮಕ ತೊಳೀದ ತೆಗದಿ?’ ಅಂದಳು ಅಜ್ಜಿ. ‘ತೆಗಿಯಾದಾದ್ರ ಗ್ವಾಡಿಗೆ ಹಾಕಾಂಥದ್ದು ತೆಗಿ.’

ಗೋಡೆಗೆ ಎಂದರೆ ಸತ್ತ ಮೇಲೆ. ಆ ಕಡೆ ಬದುಕಿದ್ದವರ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಿಲ್ಲ, ಅಪಶಕುನ. ಹಾಗಾಗಿ ಯಾರಾದರೂ ಸತ್ತ ಮೇಲೆಯೇ ಮನೆಯವರು ಫೋಟೋಗೆ ತಡಕಾಡುವುದು. ಅಜ್ಜಿಯ ಅಕ್ಕನದು ಹಾಗೇ ಆಗಿತ್ತಂತೆ.

‘ಯಾರದೋ ಮದುವಿ ಫೋಟೋದಾಗಿಂದ ಕತ್ತರಿಸಿ ತೆಗದ್ರು. ಬಾಯಾಗ ಜಿಲೇಬಿ ಐತಿ. ಭುಜದ ಮ್ಯಾಲೆ ಯಾರದೋ ಕೈ ಐತಿ, ಯಾರದಂತ ಯಾರಿಗೂ ಗೊತ್ತಿಲ್ಲ. ವರ್ಷಾ ಹಬ್ಬಕ್ಕ ಆ ಕೈಗೂ ಕುಂಕುಮ ಹಚ್ಚತಾರ. ನಂದು ಹಂಗ ಆಗಬಾರದು.’

ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಮುಖದ ತುಂಬ ಪೌಡರ್ ಬಳಿದುಕೊಂಡು ಬಂದಳು. ಕುರ್ಚಿಯ ಮೇಲೆ ಬೆನ್ನು ಸೆಟೆದು, ಎರಡೂ ಅಂಗೈಯನ್ನು ಮೊಣಕಾಲ ಮೇಲೆ ಇಟ್ಟು, ಸಾಲ ವಸೂಲಿಗೆ ಬಂದವಳಂತೆ ಕ್ಯಾಮೆರಾವನ್ನು ದುರುಗುಟ್ಟಿ ನೋಡಿದಳು. ‘ಸ್ವಲ್ಪ ನಗು ಅಜ್ಜಿ’ ಅಂದೆ. ‘ಸತ್ತ ಮ್ಯಾಲೆ ಯಾರರ ನಗತಾರೇನ್ ಲೇ, ತೆಗಿ’ ಅಂದಳು. ಬಾಗಿಲಲ್ಲಿ ನಿಂತಿದ್ದ ಸೊಸೆ, ‘ಇದ್ದಾಗ ಇಂಥಾದ್ದೆಲ್ಲ ಬ್ಯಾಡ್ರೀ, ಮನಿಗೆ ಚಲೋದಲ್ಲ’ ಎಂದು ಗೊಣಗುತ್ತಲೇ ಇದ್ದಳು.

ಎರಡನ್ನೂ ಒಂದೇ ಅಳತೆಗೆ ಮುದ್ರಿಸಿ, ಕಟ್ಟು ಹಾಕಿಸಿ, ಪಕ್ಕಪಕ್ಕದಲ್ಲಿಡಬೇಕು ಎಂದುಕೊಂಡಿದ್ದೆ. ಮೇಷ್ಟ್ರು ಪೌಡರಿನದನ್ನು ನೋಡಿ, ‘ಇದು ಸ್ಟುಡಿಯೋ ಫೋಟೋ, ಇದರಲ್ಲಿ ಬದುಕೆಲ್ಲಿದೆ?’ ಅಂದರು. ಅದು ಸಭಾಂಗಣದ ಬಾಗಿಲ ಹಿಂದೆ ಪೊರಕೆಗಳ ಪಕ್ಕಕ್ಕೆ ಹೋಯಿತು. ಧೂಳಿನದು ವೇದಿಕೆಯ ಮುಂದೆ, ದೀಪದ ಕಂಬದ ಹಿಂದೆಯೇ ಬಂತು. ಒಳಗೆ ಬಂದವರಿಗೆ ಮೊದಲು ಅದೇ ಕಾಣಬೇಕೆಂಬುದು ಅವರ ಯೋಜನೆ. ಕಂಡಿತು.

ಉದ್ಘಾಟನೆಗೆ ಅಜ್ಜಿ ಸೊಸೆಯನ್ನು ಎಳೆದುಕೊಂಡು ಬಂದಿದ್ದಳು, ತನ್ನ ಗೋಡೆ ಫೋಟೋವನ್ನು ನಾಲ್ಕು ಜನ ನೋಡುವುದನ್ನು ನೋಡಲು. ಹಿಂದಿನ ಸಾಲಿನಲ್ಲಿ ಕೂತಿದ್ದಳು. ಎದುರಿಗೆ ನಿಂತವರ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಮುಖ್ಯ ಅತಿಥಿ ತಡವಾಗಿ ಬಂದರು. ಯಾವ ಸಭೆಗೆ ಬಂದಿದ್ದೇನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳುವವರಲ್ಲ. ಕೊರಳಿಗೆ ಹಾಕಿದ ಹಾರದೊಂದಿಗೇ ದೀಪ ಹಚ್ಚಿದರು. ಎದುರಿಗೆ ಕಂಡದ್ದು: ಉರಿಯುವ ದೀಪ, ಊದುಬತ್ತಿ, ತಟ್ಟೆಯಲ್ಲಿ ಹೂವಿನ ಎಸಳು, ಕಟ್ಟು ಹಾಕಿಸಿದ ಒಬ್ಬ ಮುದುಕಿ. ಇಷ್ಟು ಸಾಮಗ್ರಿ ಒಟ್ಟಿಗೆ ಸಿಕ್ಕರೆ ನಮ್ಮ ಜನರ ಕೈ ತಾನಾಗಿಯೇ ಕೆಲಸ ಮಾಡುತ್ತದೆ. ಅವರು ತಮ್ಮ ಕೊರಳ ಹಾರ ತೆಗೆದು ಫೋಟೋಗೆ ಹಾಕಿ, ಎಸಳು ಎರಚಿ, ಕೈಮುಗಿದು ಕಣ್ಣುಮುಚ್ಚಿದರು. ಅವರ ಹಿಂದಿದ್ದವರೂ ಎಸಳು ಹಾಕಿದರು. ಮೇಷ್ಟ್ರೂ ಹಾಕಿದರು. ಈಗ ಅವರು ಹಾಕಿಲ್ಲ ಅನ್ನುತ್ತಾರೆ. ನನ್ನ ನೆನಪಿನ ಮೇಲೆ ನನಗೇ ವಿಶ್ವಾಸ ಕಡಿಮೆ, ಆದರೂ ಆ ಎಸಳು ಹಿಡಿದ ಕೈಗೆ ಅವರದೇ ಉಂಗುರವಿತ್ತು. ಸಭೆಯೆಲ್ಲ ಎದ್ದು ನಿಂತು ಮೌನ ಆಚರಿಸಿತು. ಯಾರಿಗಾಗಿ ಎಂದು ತಿಳಿಯದೆ ಅಜ್ಜಿಯೂ ಎದ್ದು ನಿಂತು ಕೈಮುಗಿದಳು.

ಕ್ಯಾಮೆರಾ ಹೊತ್ತ ಒಂದು ತರಗತಿಯೇ ಅಲ್ಲಿತ್ತು. ಒಬ್ಬರೂ ಫೋಟೋ ತೆಗೆಯಲಿಲ್ಲ. ಮೌನಾಚರಣೆಯಲ್ಲಿ ಕ್ಯಾಮೆರಾ ಎತ್ತುವುದು ಅಸಭ್ಯ ಎಂದು ಮೇಷ್ಟ್ರು ಮೊದಲೇ ಕಲಿಸಿದ್ದರು. ವರ್ಷವಿಡೀ ಹುಡುಕಿದ ದಿನನಿತ್ಯದ ಬದುಕು ತಾನಾಗಿ ನಡೆದು ಬಂದು ಎದುರಿಗೆ ನಿಂತಾಗ ನಾವು ತಲೆ ತಗ್ಗಿಸಿದ್ದೆವು.

ಸೊಸೆ ಹೇಗೋ ಬಾಗಿ ನೋಡಿರಬೇಕು. ‘ಅಯ್ಯಯ್ಯೋ, ನಮ್ಮತ್ತಿ ಇನ್ನಾ ಅದಾಳ್ರೀ!’ ಎಂದು ಕಿರುಚಿದಳು.

ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮುಖ್ಯ ಅತಿಥಿ ಅವಳನ್ನೂ ಫೋಟೋವನ್ನೂ ನೋಡಿ, ‘ತಂಗಿಯೇನ್ರೀ?’ ಅಂದರು. ಅಜ್ಜಿ ಹಾರವನ್ನು, ಅದರ ನಡುವಿನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಹೂವು ಹಾಕಿದ್ದಕ್ಕ ನಂಗ ಸಿಟ್ಟಿಲ್ಲ. ಎಂಥಾ ಮಕಕ್ಕ ಹಾಕ್ಸೀದಿ ನೋಡು! ತಲಿ ಬಾಚಿಲ್ಲ, ಮಕ ತೊಳದಿಲ್ಲ. ಹೊಸಪೇಟಿ ಮಂದಿ ಎಲ್ಲಾ ಇದಕ್ಕ ಕೈಮುಗದ್ರು. ನಾಳಿ ನಾ ಖರೇ ಸತ್ರ ಇದನ್ನ ಹಾಕ್ತಾರ ಗ್ವಾಡಿಗೆ. ನಾ ಪೌಡರ್ ಹಚ್ಕೊಂಡು ಕುಂತದ್ದು ಎಲ್ಲೈತಿ?’

‘ಬಾಗಿಲ ಹಿಂದ ಐತಿ’ ಅಂದೆ.

‘ತಗೊಂಬಾ.’

ಮೇಷ್ಟ್ರು ನನ್ನ ತೋಳು ಹಿಡಿದು, ಮಧ್ಯಾಹ್ನ ಪರೀಕ್ಷಕರು ಬರುತ್ತಾರೆ, ಇದನ್ನು ಇಳಿಸಿದರೆ ನಿನ್ನ ಹತ್ತಿರ ತೋರಿಸುವಂಥದ್ದೇನೂ ಉಳಿಯುವುದಿಲ್ಲ ಎಂದು ಕಿವಿಯಲ್ಲಿ ಹೇಳಿದರು. ಅವರು ಹೇಳಿದ್ದು ನಿಜ. ನಾನು ಧೂಳಿನ ಫೋಟೋ ಇಳಿಸಿದೆ. ಧೈರ್ಯದಿಂದ ಎಂದು ಬರೆಯಬಹುದು, ಆದರೆ ಅಜ್ಜಿಯ ಎದುರು ನಿಂತಿದ್ದರೆ ಮೇಷ್ಟ್ರೂ ಇಳಿಸುತ್ತಿದ್ದರು. ಪೌಡರಿನದನ್ನು ತಂದು ಅದೇ ಜಾಗದಲ್ಲಿಟ್ಟೆ. ಸೊಸೆ ಹಾರವನ್ನು ಕಿತ್ತು ಕಿಟಕಿಯ ಹೊರಗೆ ಎಸೆದಳು. ಅಜ್ಜಿ ಕುರ್ಚಿ ಎಳೆದುಕೊಂಡು ಫೋಟೋದ ಪಕ್ಕದಲ್ಲೇ, ಅದೇ ಭಂಗಿಯಲ್ಲಿ, ಸಂಜೆಯವರೆಗೆ ಕೂತಳು. ಪರೀಕ್ಷಕರು ಇಬ್ಬರನ್ನೂ ನೋಡಿ, ಇದರಲ್ಲಿ ಸಂಡೂರು ಎಲ್ಲಿದೆ ಎಂದು ನನ್ನನ್ನು ಕೇಳಿದರು. ಪಾಸಾಗುವಷ್ಟು ಅಂಕ ಹಾಕಿದರು, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ.

ಧೂಳಿನ ಪ್ರತಿಯನ್ನು ಅಜ್ಜಿ ನನ್ನ ಎದುರಿಗೇ ಹರಿದು ಹಾಕಿದಳು. ಕಂಪ್ಯೂಟರಿನಲ್ಲಿದ್ದದ್ದನ್ನೂ ನಾನೇ ಅಳಿಸಿದೆ. ಹಾಗಾಗಿ ಆ ಕೆಂಪು ಮುಖ ಈಗ ನನ್ನ ತಲೆಯಲ್ಲಿ ಮಾತ್ರ ಇದೆ. ಅಲ್ಲಿಯೂ ಇತ್ತೀಚೆಗೆ ಪೌಡರ್ ಸೇರಿಕೊಳ್ಳುತ್ತಿದೆ.

ನಾನೀಗ ಹಂಪಿಯ ಕಲ್ಲುಕಂಬಗಳ ಮುಂದೆ ಜೋಡಿಗಳಿಗೆ ‘ಸಹಜವಾಗಿರಿ’ ಎಂದು ಹೇಳಿ ಹೊಟ್ಟೆ ಹೊರೆಯುತ್ತೇನೆ. ಹೋದ ತಿಂಗಳು ಯಶವಂತನಗರಕ್ಕೆ ಹೋಗಿದ್ದೆ. ಸತ್ತವರ ಫೋಟೋಗಳ ಸಾಲಿಗೆ ಸೊಸೆ ಬಿಡಲಿಲ್ಲವೆಂದು ಅಜ್ಜಿ ಫೋಟೋವನ್ನು ಅಡುಗೆಮನೆಯಲ್ಲಿ, ಒಲೆಯ ಎದುರಿಗೇ ಮೊಳೆ ಹೊಡೆದು ಹಾಕಿದ್ದಾಳೆ. ಸೊಸೆ ರೊಟ್ಟಿ ತಟ್ಟುತ್ತ, ಒಮ್ಮೆ ಗೋಡೆಯ ಕಡೆಗೆ, ಒಮ್ಮೆ ಹೊರಗೆ ಮಿರ್ಚಿ ಕರಿಯುತ್ತಿದ್ದವಳ ಕಡೆಗೆ ನೋಡಿ ನನಗೆ ಹೇಳಿದಳು:

‘ಒಬ್ಬಾಕಿ ಸಾಕಾಗಿರಲಿಲ್ಲೇನ್ರೀ?’